ಚಿಲಕದ ಸದ್ದು

ಪೇಟೆಯ ಬೆನ್ನಿಗೆ ಹೊಳೆ, ಹೊಳೆಯ ದಂಡೆಗೆ ಆಶ್ರಮ. ಅಲ್ಲಿ ಹಾಲಯ್ಯ ಗುರುಗಳು ಸಂಗೀತ ಕಲಿಸುತ್ತಿದ್ದರು.

ಅವರ ಶಿಷ್ಯ ಕೊಟ್ರೇಶ ಪೇಟೆಯ ಸದ್ದುಗಳನ್ನೇ ಪೋಣಿಸಿ ವಾದ್ಯವೃಂದಕ್ಕೊಂದು ಕೃತಿ ರಚಿಸಿದ. ಅವನ ಮೊದಲ ಸ್ವಂತ ಕೃತಿ. ಗುರುಗಳು ಒಪ್ಪಿದರೆ ಹುಣ್ಣಿಮೆಗೆ ಪುರಭವನದಲ್ಲಿ ನುಡಿಸಬಹುದು. ಒಪ್ಪದಿದ್ದರೆ ಇಲ್ಲ.

ವಾದಕರು ಅಂಗಳದಲ್ಲಿ ನುಡಿಸಿ ತೋರಿಸಿದರು. ಪಿಟೀಲಿನಲ್ಲಿ ಬಸ್ಸಿನ ಬ್ರೇಕು ಕಿರುಗುಟ್ಟಿತು. ಕೊಳಲಿನಲ್ಲಿ ಕುಕ್ಕರು ಸೀಟಿ ಹಾಕಿತು. ಕೊನೆಗೆ ಶಹನಾಯಿಯಲ್ಲಿ ಸೊಪ್ಪಿನವನ ಕೂಗು ಬಂತು.

ಅಡುಗೆಯ ನೀಲವ್ವ ಬುಟ್ಟಿ ಹಿಡಿದು ಹೊರಗೆ ಓಡಿಬಂದಳು.

"ಎಲ್ಲಿ ಹೋದ ಸೊಪ್ಪಿನವನು? ಈಗಿನ್ನೂ ಕೂಗಿದನಲ್ಲ!"

ವಾದಕರೆಲ್ಲ ನಕ್ಕರು. ಕೊಟ್ರೇಶ ಹಿಗ್ಗಿದ.

"ನೋಡಿದಿರಾ ಗುರುಗಳೇ? ನೀಲವ್ವನೇ ಏಮಾರಿದಳು."

"ನೋಡಿದೆ. ಸೊಪ್ಪು ಕೊಡು."

"ನನ್ನ ಹತ್ತಿರ ಎಲ್ಲಿದೆ?"

"ಕರೆದವನು ನೀನು."

"ನಿಮ್ಮ ಮಾತು ಮುಗಿಯೋದ್ರೊಳಗೆ ನನ್ನ ಬೇಳೆ ಸೀದುಹೋಗುತ್ತೆ" ಎಂದು ಸಿಡುಕಿ ನೀಲವ್ವ ಒಳಗೆ ಹೋದಳು.

"ಹಾಗಾದರೆ ಪುರಭವನ?"

"ಮೊದಲು ಸೊಪ್ಪು."

ಮರುದಿನ ಕೊಟ್ರೇಶ ಪೇಟೆಗೆ ಹೋಗಿ ಸೊಪ್ಪಿನವನ ಗಾಡಿಯ ಹಿಂದೆ ನಡೆದ. ಸೊಪ್ಪಿನವನು ಒಮ್ಮೆ ಕೂಗಿ ಗಾಡಿ ನಿಲ್ಲಿಸಿದ. ಕತ್ತು ಓರೆ ಮಾಡಿ ನಿಂತ. ಯಾರೂ ಬರಲಿಲ್ಲ. ಮುಂದಿನ ತಿರುವಿನಲ್ಲಿ ಮತ್ತೆ ಕೂಗಿದ, ಮತ್ತೆ ನಿಂತ.

"ಅಣ್ಣಾ, ಎರಡು ಕಟ್ಟು..." ಕೊಟ್ರೇಶ ಬಾಯಿ ತೆರೆದ.

"ಶ್! ತಡಿ ಮಾರಾಯ, ಚಿಲಕ ಕೇಳ್ಸಲ್ಲ."

ಎದುರುಮನೆಯ ಚಿಲಕ ಸರಿಯಿತು. ಸೊಪ್ಪಿನವನ ಮುಖ ಅರಳಿತು.

ಕೊಟ್ರೇಶ ಆಶ್ರಮಕ್ಕೆ ಮರಳಿ, ಕೊಂಡ ಸೊಪ್ಪನ್ನು ನೀಲವ್ವನ ಬುಟ್ಟಿಗೆ ಹಾಕಿ ಕೃತಿ ತಿದ್ದಲು ಕೂತ. ಶಹನಾಯಿಯ ಕೂಗಾದೊಡನೆ ಎಲ್ಲ ವಾದ್ಯಗಳನ್ನೂ ನಿಲ್ಲಿಸಿದ.

ಪಿಟೀಲಿನವನು ಗೊಣಗಿದ. "ಇಷ್ಟು ಹೊತ್ತು ಸುಮ್ಮನೆ ಕೂತರೆ ಜನ ನಾವು ಮರೆತೆವು ಅಂದುಕೊಳ್ಳುತ್ತಾರೆ."

"ಅಂದುಕೊಳ್ಳಲಿ. ಕಾಯೋಣ."

ಸಂಜೆ ಮತ್ತೆ ಅಂಗಳದಲ್ಲಿ ನುಡಿಸಿದರು. ಶಹನಾಯಿ ಕೂಗಿತು. ಎಲ್ಲರೂ ನುಡಿಸುವುದನ್ನು ನಿಲ್ಲಿಸಿದರು. ಹೊಳೆಯ ಸದ್ದೂ ಕೇಳುವಷ್ಟು ಮೌನ.

ಅಡುಗೆಮನೆಯ ಚಿಲಕ ಸರಿಯಿತು. ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. ಬಾಗಿಲಿಗೆ ಒರಗಿ ನಿಂತಳು. ಕೃತಿ ಮುಗಿಯುವವರೆಗೂ ಅಲ್ಲಾಡಲಿಲ್ಲ.

ಕೊಟ್ರೇಶನ ಮುಖ ಇಳಿದುಹೋಯಿತು.

"ಇವತ್ತೂ ಏಮಾರಿದಳಲ್ಲ, ಗುರುಗಳೇ! ಇನ್ನು ಸೊಪ್ಪು ಎಲ್ಲಿಂದ ತರಲಿ?"

ಹಾಲಯ್ಯ ಗುರುಗಳು ಎದ್ದು ಶಲ್ಯ ಕೊಡವಿಕೊಂಡರು.

"ಬುಟ್ಟಿ ತಂದಿಲ್ಲ, ನೋಡು. ಪುರಭವನಕ್ಕೆ ಹೇಳಿ ಕಳಿಸು."