ಕಂಬಕ್ಕೆ ಸುತ್ತಿ ಹಿಂಡಿದ ಸೀರೆ

ಹತ್ರ ಬಾ ಮಗಾ, ದುಪ್ಪಟಿ ಎಳ್ಕೋ. ಕಾಲು ಆಡಿಸ್ಬೇಡ, ಕಾಲಾಡಿಸಿದ್ರೆ ಕತೆ ಓಡಿಹೋಗುತ್ತೆ. ಇವತ್ತು ರಾಜನ ಕತೆ ಬೇಡ, ರಾಕ್ಷಸನ ಕತೆನೂ ಬೇಡ, ಬಟ್ಟೆ ಒಗೆಯೋ ಕತೆ ಹೇಳ್ತೀನಿ. ನಗಬೇಡ. ನಿಮ್ಮಮ್ಮ ಮಿಷಿನ್ನಿನ ಗುಂಡಿ ಒತ್ತಿ ಬಂದ್ಬಿಡ್ತಾಳೆ, ಒಗೆಯೋದ್ರಲ್ಲೂ ಕತೆ ಇರುತ್ತೆ ಅಂತ ಅವಳಿಗೆಲ್ಲಿ ಗೊತ್ತಾಗ್ಬೇಕು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಸೋಪು ಹೇಗಿರುತ್ತೆ ಅಂತ ಯಾರೂ ಕಣ್ಣಲ್ಲಿ ಕಂಡಿರದ ಕಾಲದಲ್ಲಿ, ಒಂದು ಊರಿತ್ತಂತೆ. ಊರ ಮುಂದೆ ಭತ್ತದ ಗದ್ದೆ, ಗದ್ದೆ ದಾಟಿ ಹೊಂಗೆ ತೋಪು, ತೋಪು ದಾಟಿ ಅರ್ಧ ಹರದಾರಿ ನಡೆದ್ರೆ ಒಂದು ಹಳ್ಳ, ಹಳ್ಳದ ಮಧ್ಯ ಅಗಲವಾದ ಬಂಡೆಗಳು. ಸೋಮವಾರ ಬಂತು ಅಂದ್ರೆ ಊರ ಹೆಂಗಸರೆಲ್ಲ ಬಟ್ಟೆ ಗಂಟು ತಲೆ ಮೇಲೆ ಹೊತ್ಕೊಂಡು ಅಲ್ಲಿಗೆ ಹೋಗೋರಂತೆ, ಹೋಗ್ತಾ ಒಣಗಂಟು, ಬರ್ತಾ ಒದ್ದೆಗಂಟು, ಕುತ್ತಿಗೆ ಬಿದ್ದುಹೋಗೋದಂತೆ.

ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ಳಂತೆ. ಮಹಾ ಚುರುಕು. ಮೂರು ಜನ ಮಾಡೋ ಕೆಲಸ ಒಬ್ಬಳೇ ಮಾಡೋಳು, ಮೂರು ಜನ ಆಡೋ ಮಾತೂ ಒಬ್ಬಳೇ ಆಡೋಳು. ಅದೇ ಬೀದಿ ಕೊನೇಲಿ ದೇವೀರಮ್ಮ ಅಂತ, ಇವಳಿಗಿಂತ ಸ್ವಲ್ಪ ಚಿಕ್ಕೋಳು, ಇವಳ ಗೆಳತಿ. ಅವಳಿಗೆ ಮಾತೇ ಇಲ್ಲ. ಹಸಿವಾದ್ರೂ ಹೇಳೋಳಲ್ಲ, ಜ್ವರ ಬಂದ್ರೂ ಹೇಳೋಳಲ್ಲ. ಹೇಳೋ ಹಾಗೂ ಇರಲಿಲ್ಲ ಅನ್ನು. ಅವಳ ಅತ್ತೆ ಮಾನ ಮಾನ ಅಂತ ಸಾಯೋಳು. ಸೊಸೆ ಮನೆ ತುಂಬಿದ ದಿನಾನೇ ದೀಪ ಮುಟ್ಟಿಸಿ ಆಣೆ ಮಾಡಿಸಿದ್ಳಂತೆ, ಈ ಮನೆ ಕಷ್ಟ ನನ್ನ ಬಾಯಿಂದ ಹೊಸ್ತಿಲು ದಾಟಲ್ಲ ಅಂತ.

ಆದ್ರೆ ಬಾಯಿಗೆ ಆಣೆ ಹಾಕಬಹುದು ಮಗಾ, ಬಟ್ಟೆಗೆ ಹಾಕೋಕಾಗುತ್ತಾ? ಹಳ್ಳದಲ್ಲಿ ಬಟ್ಟೆ ಬಿಚ್ಚಿದ್ರೆ ಮನೆ ಬಿಚ್ಚಿದ ಹಾಗೇನೇ. ಯಾರ ಮನೇಲಿ ಕೂಸಿಗೆ ಭೇದಿ, ಯಾರ ಮನೇಲಿ ಕಷಾಯ ಕುದೀತಿದೆ, ಯಾರು ರಾತ್ರಿ ಸೆರಗಲ್ಲಿ ಕಣ್ಣೊರೆಸಿಕೊಂಡ್ರು, ಎಲ್ಲ ಅಲ್ಲೇ ಗೊತ್ತಾಗೋದಂತೆ. ಹೊಂಬಾಳಮ್ಮ, ದೇವೀರಮ್ಮ ಇಬ್ಬರದೂ ಒಂದೇ ಬಂಡೆ. ಸೀರೆ ಹಿಂಡೋವಾಗ ಆ ತುದಿ ಅವಳು, ಈ ತುದಿ ಇವಳು.

ಒಂದು ವರ್ಷ ಏನಾಯ್ತಂತೆ ಅಂದ್ರೆ, ದೇವೀರಮ್ಮನ ಸೀರೆ ಹಿಂಡೋವಾಗ ಹೊಂಬಾಳಮ್ಮನ ಕೈಗೆ ಅದು ಮೆತ್ತಗೆ ಸಿಕ್ತಂತೆ. ಗಂಜಿ ಹಾಕಿಲ್ಲ. ಸೀರೆಗೆ ಗಂಜಿ ಇಲ್ಲ ಅಂದ್ರೆ, ಅನ್ನ ಬಸಿದ ಗಂಜೀನ ಮನೆಯೋರೇ ಕುಡೀತಿದ್ದಾರೆ ಅಂತ ಅರ್ಥ. ಹೊಂಬಾಳಮ್ಮ ಒಂದು ಮಾತೂ ಕೇಳಲಿಲ್ಲವಂತೆ. ಸಾಯಂಕಾಲ ಒಂದು ಮೊರ ಅಕ್ಕಿ ತುಂಬ್ಕೊಂಡು ಅವರ ಮನೆಗೆ ಹೋಗಿ, ಆ ಅತ್ತೆ ಮುಂದೆ ಇಟ್ಟು, ಹರಕೆ ಅಕ್ಕಿ ಕಣತ್ತೆ, ಮುತ್ತೈದೆಗೆ ಕೊಡ್ತೀನಿ ಅಂತ ಹೇಳ್ಕೊಂಡಿದ್ದೆ ಅಂದ್ಳಂತೆ. ಹರಕೆ ಅಕ್ಕೀನ ಬೇಡ ಅನ್ನೋ ಹಾಗಿಲ್ಲವಲ್ಲ. ಅತ್ತೆ ಮಾನವೂ ಉಳೀತು, ಸೊಸೆ ಹೊಟ್ಟೆಯೂ ತುಂಬ್ತು. ಅಷ್ಟು ಬುದ್ಧಿವಂತೆ ಹೊಂಬಾಳಮ್ಮ. ಅದಕ್ಕೇ ಮುಂದೆ ಅವಳು ಮಾಡಿದ್ದು ನೆನೆಸ್ಕೊಂಡ್ರೆ ನನಗೆ ಹೊಟ್ಟೆ ಉರಿಯೋದು, ಬುದ್ಧಿ ಇಲ್ಲದೋಳು ಮಾಡಿದ್ರೆ ಹೋಗ್ಲಿ ಅನ್ನಬಹುದಿತ್ತು.

ಆಮೇಲೆ ಒಂದು ಬೇಸಿಗೇಲಿ ಒದ್ದೆಗಂಟು ಹೊತ್ಕೊಂಡು ಬರ್ತಾ ಹೊಂಬಾಳಮ್ಮ ಗದ್ದೆ ಬದುವಿನ ಮೇಲೆ ಜಾರಿ ಬಿದ್ಳಂತೆ. ಸೊಂಟ ಹಿಡ್ಕೊಂತು. ಹದಿನೈದು ದಿನ ಮಲಗಿದ್ದೋಳು ಸುಮ್ಮನೆ ಮಲಗ್ತಾಳಾ, ಮೇಲೆ ತೊಲೆ ನೋಡ್ಕೊಂಡೇ ಯೋಚನೆ ಮಾಡಿದ್ಳಂತೆ. ಹಳ್ಳಕ್ಕೆ ಯಾಕೆ ಹೋಗ್ಬೇಕು? ಕೊಳೆ ಬಿಡಿಸೋಕೆ, ನೀರಿಗೆ, ಹಿಂಡೋಕೆ. ಈ ಮೂರಕ್ಕೂ ಮನೇಲೇ ದಾರಿ ಮಾಡ್ಕೊಂಡ್ರೆ ಆಯ್ತಲ್ಲ ಅಂತ.

ಎದ್ದೋಳು ಮೊದಲು ಏನು ಮಾಡಿದ್ಳು ಅಂದ್ರೆ, ಒಲೆ ಬೂದೀನ ನೀರಲ್ಲಿ ಕದಡಿ, ತಿಳಿ ಬಸ್ಕೊಂಡು, ಅದಕ್ಕೆ ಅಂಟುವಾಳ ಕಾಯಿ ಜಜ್ಜಿ ಹಾಕಿ, ಬಟ್ಟೆನ ಸಂಜೇಲೇ ನೆನೆಸಿಟ್ಳಂತೆ. ಬೆಳಗಾಗೋದ್ರೊಳಗೆ ಕೊಳೆ ತಾನಾಗೇ ಬಿಟ್ಕೊಂಡಿತ್ತಂತೆ, ಬಡಿಯೋ ಹಾಗೇ ಇಲ್ಲ, ಎರಡು ಸಲ ಕೈಯಾಡಿಸಿದ್ರೆ ಸಾಕು. ಆಮೇಲೆ ನೀರು. ಒಂದೇ ಬಾನಿ ನೀರಲ್ಲಿ ಮೊದಲು ಬಿಳೀದು, ಆಮೇಲೆ ಬಣ್ಣದ್ದು, ಕೊನೇಲಿ ಹೊಲದ ಬಟ್ಟೆ, ಆ ನೀರನ್ನ ಅಂಗಳ ತೊಳೆಯೋಕೆ. ನಾಲ್ಕು ಕೊಡದಲ್ಲಿ ಮನೆಮಂದಿ ಬಟ್ಟೆಯೆಲ್ಲ ಆಗೋಯ್ತಂತೆ. ಇನ್ನು ಹಿಂಡೋದು. ಹದಿನಾರು ಮೊಳದ ಸೀರೆ ಒಬ್ಬಳ ಕೈಲಿ ಹಿಂಡೋಕಾಗಲ್ಲ, ಇನ್ನೊಂದು ಕೈ ಬೇಕೇಬೇಕು. ಹೊಂಬಾಳಮ್ಮ ಹಿತ್ತಲ ಜಗಲಿ ಕಂಬ ನೋಡಿದ್ಳಂತೆ. ಸೀರೆನ ಕಂಬಕ್ಕೆ ಒಂದು ಸುತ್ತು ಹಾಕಿ, ಎರಡು ತುದೀನೂ ಸೇರಿಸಿ ಹಿಡ್ಕೊಂಡು, ಹಗ್ಗ ಹೊಸೆದ ಹಾಗೆ ತಿರುಚಿದ್ಳು ನೋಡು, ನೀರೆಲ್ಲ ಬಸ್ಕೊಂಡು ಹೋಯ್ತಂತೆ.

ಬೆಳಗ್ಗೆ ತಿಂಡಿ ಹೊತ್ತಿಗೆ ಬಟ್ಟೆ ಹಗ್ಗದ ಮೇಲೆ. ಬೀದಿಯೋರೆಲ್ಲ ಮೂಗಿನ ಮೇಲೆ ಬೆರಳಿಟ್ರಂತೆ. ನನಗೂ ಹೇಳ್ಕೊಡೆ, ನನಗೂ ಹೇಳ್ಕೊಡೆ ಅಂತ ಬಂದೋರೇ ಬಂದೋರು. ಹೊಂಬಾಳಮ್ಮನೂ ಜಿಪುಣಿ ಅಲ್ಲ, ಕೇಳಿದೋರಿಗೆಲ್ಲ ಹೇಳಿಕೊಟ್ಳು. ಅರಿಶಿನದ ಕಲೆ ಆದ್ರೆ ಉಜ್ಜಿ ಸಾಯಬೇಡಿ, ಒದ್ದೆ ಮಾಡಿ ಬಿಸಿಲಿಗೆ ಹಾಕಿ, ಸೂರ್ಯನೇ ತಿಂತಾನೆ. ರಕ್ತದ ಕಲೆಗೆ ಬಿಸಿನೀರು ತೋರಿಸ್ಬೇಡಿ, ತಣ್ಣೀರು. ಹೊಸ ಕೆಂಪು ಸೀರೆ ಆದ್ರೆ ಮೊದಲ ಸಲ ಉಪ್ಪುನೀರಲ್ಲಿ ಅದ್ದಿ. ಹರಡೋಕೆ ಮುಂಚೆ ಜೋರಾಗಿ ಕೊಡವಿ, ಸುಕ್ಕು ಅರ್ಧ ಅಲ್ಲೇ ಹೋಗುತ್ತೆ. ಇವೆಲ್ಲ ನಿಜ ಮಗಾ, ನಾನೂ ಹಾಗೇ ಮಾಡಿದೀನಿ, ಬೇಕಾದ್ರೆ ನಿಮ್ಮಮ್ಮನಿಗೆ ಹೇಳು.

ಹೀಗೆ ಒಂದು ಮಳೆಗಾಲ ಕಳೆಯೋದ್ರೊಳಗೆ ಹಳ್ಳಕ್ಕೆ ಹೋಗೋರೇ ಇಲ್ಲವಾದ್ರಂತೆ. ಅವರವರ ಹಿತ್ತಲು, ಅವರವರ ಬಾನಿ, ಅವರವರ ಕಂಬ. ಸೊಂಟ ಉಳೀತು, ಕುತ್ತಿಗೆ ಉಳೀತು. ಎಲ್ಲರೂ ಹೊಂಬಾಳಮ್ಮನ ಹೊಟ್ಟೆ ತಣ್ಣಗಿರ್ಲಿ ಅಂದ್ರಂತೆ. ಹೊಂಬಾಳಮ್ಮನಿಗೂ ಸ್ವಲ್ಪ ತಲೆಗೇರ್ತು. ಸುಳ್ಳು ಯಾಕೆ ಹೇಳಲಿ, ನಾಲ್ಕು ಜನ ಹೊಗಳಿದ್ರೆ ಯಾರಿಗೆ ಏರಲ್ಲ.

ಆ ವರ್ಷ ದೇವೀರಮ್ಮನ ಗಂಡ ಬೆಲ್ಲದ ಗಾಡಿ ಕಟ್ಕೊಂಡು ದೂರದ ಸೀಮೆಗೆ ಹೋದೋನು, ಎರಡು ತಿಂಗಳಾಯ್ತು ಮೂರು ತಿಂಗಳಾಯ್ತು, ಬರಲೇ ಇಲ್ಲವಂತೆ. ಮನೇಲಿ ಅಕ್ಕಿ ತುಂಬಿಡೋ ಮಣ್ಣಿನ ವಾಡೆ ತಳ ಕಾಣ್ತು. ಗದ್ದೇಲಿ ಭತ್ತ ಇನ್ನೂ ಹಸಿರು. ಮನೇಲಿ ಮುದುಕಿ, ಎರಡು ಚಿಕ್ಕ ಮಕ್ಕಳು, ಅವಳ ಹೊಟ್ಟೇಲಿ ಐದು ತಿಂಗಳ ಇನ್ನೊಂದು. ಅತ್ತೆ ಅಂದ್ಳಂತೆ, ಆಣೆ ಜ್ಞಾಪಕ ಇದೆಯಲ್ಲ? ಇದೆ ಅಂದ್ಳಂತೆ ದೇವೀರಮ್ಮ. ಹಿತ್ತಲ ಬಾಳೆ ಕಡಿದು, ದಿಂಡು ಹೆಚ್ಚಿ ಬೇಯಿಸಿ ಎಲ್ಲರಿಗೂ ಬಡಿಸಿ, ಉಳಿದ್ರೆ ತಾನು ತಿನ್ನೋಳಂತೆ. ಒಂದು ಸೋಮವಾರ ಗಂಟು ಹೊತ್ಕೊಂಡು ಒಬ್ಬಳೇ ಹಳ್ಳಕ್ಕೆ ಹೋದ್ಳಂತೆ, ಯಾರಾದ್ರೂ ಬಂದಿರ್ತಾರೇನೋ ಅಂತ. ನರಪಿಳ್ಳೆ ಇಲ್ಲ. ಬಂಡೆ ಪಕ್ಕ ಹುಲ್ಲು ಬೆಳೆದಿತ್ತಂತೆ.

ಆಗ ಅವಳು ಯೋಚನೆ ಮಾಡಿದ್ಳು, ಬಾಯಲ್ಲಿ ಹೇಳಿದ್ರೆ ತಾನೇ ಆಣೆ ಮುರಿಯೋದು, ಬಟ್ಟೆ ತೋರಿಸಿದ್ರೆ ಮುರಿಯಲ್ವಲ್ಲ. ತನ್ನ ಸೀರೆನ ಎತ್ಕೊಂಡು ಹೊಂಬಾಳಮ್ಮನ ಮನೆಗೆ ಹೋದ್ಳಂತೆ. ಸೆರಗಿನ ತುಂಬ ಕಪ್ಪಗೆ ಬಾಳೆಕರೆ. ಅಕ್ಕ, ಇದು ನೋಡಕ್ಕ ಅಂದ್ಳಂತೆ. ಹೊಂಬಾಳಮ್ಮನ ಸುತ್ತ ಆರು ಜನ ಹೆಂಗಸರು ಕೂತಿದ್ರು. ಸೆರಗು ನೋಡಿ, ಅಯ್ಯೋ ಬಾಳೆಕರೆ, ಅಷ್ಟೇನಾ, ನಿಂಬೆಹಣ್ಣಿಗೆ ಉಪ್ಪು ಹಚ್ಚಿ ಉಜ್ಜಿ ಬಿಸಿಲಿಗೆ ಹಾಕು, ಹೋಗುತ್ತೆ ಅಂದ್ಳಂತೆ. ದಿನಾ ದಿಂಡು ಹೆಚ್ಚದೆ ಅಷ್ಟು ಕರೆ ಯಾಕಾಗುತ್ತೆ ಅಂತ ಕೇಳಲಿಲ್ಲ. ಹಳ್ಳದಲ್ಲಾಗಿದ್ರೆ ಕೇಳ್ತಿದ್ಳು, ಕೇಳದೇನೇ ತಿಳ್ಕೋತಿದ್ಳು. ದೇವೀರಮ್ಮ ಹೂಂ ಅಂದು ಹೋದ್ಳಂತೆ.

ಎಂಟು ದಿನ ಬಿಟ್ಟು ಆಮೇಲೆ ಇನ್ನೊಂದು ಸಲ ಬಂದ್ಳಂತೆ. ಒಗೆದು ಒಣಗಿಸಿದ ಸೀರೆ ತಂದು ಹೊಂಬಾಳಮ್ಮನ ಕೈಗೇ ಇಟ್ಳಂತೆ. ಮುಟ್ಟಿ ನೋಡಕ್ಕ, ಮೆತ್ತಗಿದೆ ಅಂದ್ಳಂತೆ. ಅದಕ್ಕಿಂತ ಇನ್ನೇನು ಹೇಳ್ಬೇಕು ಮಗಾ, ಹೇಳು. ಹೊಂಬಾಳಮ್ಮ ಯಾರಿಗೋ ಬೂದಿನೀರು ಬಸಿಯೋದು ತೋರಿಸ್ತಾ ಇದ್ಳು, ಮುಟ್ಟಿದ್ಳು, ಥೂ ಗಂಜಿ ಹಾಕ್ಬೇಕು ಕಣೆ, ಸ್ವಲ್ಪ ಗಟ್ಟಿಯಾಗಿ ಹಾಕು, ಗಂಜಿ ಇದ್ರೆ ಕೊಳೆನೂ ಬೇಗ ಹತ್ತಲ್ಲ ಅಂದ್ಳಂತೆ.

ಉಣ್ಣೋಕಿಲ್ಲದೋಳಿಗೆ ಸೀರೆಗೆ ಗಂಜಿ ಹಾಕು ಅಂದ್ಳು. ಅದೂ ಹಿಂದೆ ಮೊರದಲ್ಲಿ ಅಕ್ಕಿ ಹೊತ್ತೋಳು. ಕೈ ಅದೇ, ಸೀರೆ ಅದೇ, ಬುದ್ಧಿ ಮಾತ್ರ ಎಲ್ಲಿಗೆ ಹೋಗಿತ್ತೋ.

ಮೂರನೇ ಸಲ ದೇವೀರಮ್ಮ ಬರೀ ಒದ್ದೆ ಸೀರೆ ತಗೊಂಡು ಬಂದ್ಳಂತೆ. ನೀರು ತೊಟ್ಟಿಕ್ಕುತ್ತಾ ಇದೆ, ಹೊತ್ಕೊಂಡು ಬೀದಿ ಉದ್ದ ನಡೆದು ಬಂದಿದಾಳೆ, ಕೈ ನಡುಗ್ತಾ ಇದೆ. ಅಕ್ಕ, ಈ ತುದಿ ಹಿಡಿ ಬಾ, ಹಿಂಡೋಣ ಅಂದ್ಳಂತೆ. ಹೊಂಬಾಳಮ್ಮ ನಕ್ಕುಬಿಟ್ಳಂತೆ. ಇದಕ್ಕೆ ಇಲ್ಲೀತನಕ ಬಂದ್ಯಾ? ನಿಮ್ಮನೇಲಿ ಕಂಬ ಇಲ್ವೇನೆ, ಕಂಬಕ್ಕೆ ಸುತ್ತಿ ಹಿಂಡೆ ದೇವೀರಿ ಅಂದು ಒಳಗೆ ಹೋದ್ಳಂತೆ. ಒಲೆ ಮೇಲೆ ಸಾರು ಉಕ್ತಾ ಇತ್ತಂತೆ. ಸಾರು ಇಳಿಸಿ ಬರೋದ್ರೊಳಗೆ ದೇವೀರಮ್ಮ ಇರಲಿಲ್ಲ.

ನಿದ್ದೆ ಬಂತಾ? ಬಂದಿದ್ರೆ ಮಲಗು, ಮುಂದಿನದು ಹೇಳೋಕೆ ನನಗೂ ಇಷ್ಟ ಇಲ್ಲ. ಇಲ್ವಾ? ಸರಿ, ಕೇಳು.

ಆವತ್ತೇ ಮಧ್ಯಾಹ್ನ ಹೊಂಬಾಳಮ್ಮನ ಬಾಗಿಲು ದಬದಬ ಅಂತಂತೆ. ತೆಗೆದು ನೋಡಿದ್ರೆ ದೇವೀರಮ್ಮನ ಅತ್ತೆ. ಯಾರ ಮನೆ ಹೊಸ್ತಿಲೂ ತುಳಿಯದ ಮುದುಕಿ, ತಲೆಗೂದಲು ಕೆದರಿಕೊಂಡು, ಮಾನ ಹಾಳಾಗ್ಲಿ ಬಾರೆ ತಾಯಿ ಅಂತ ಅಳ್ತಾ ನಿಂತಿದ್ಳಂತೆ. ಹೊಂಬಾಳಮ್ಮ ಓಡಿದ್ಳು. ಹಿತ್ತಲಲ್ಲಿ ಕಂಬಕ್ಕೆ ಸೀರೆ ಸುತ್ತಿದೆ, ಅರ್ಧ ಹಿಂಡಿದೆ, ದೇವೀರಮ್ಮ ಕೆಳಗೆ ಬಿದ್ದಿದಾಳೆ, ಸೀರೆ ತುದಿ ಇನ್ನೂ ಮುಷ್ಟೀಲೇ ಇದೆ. ಸೂಲಗಿತ್ತಿ ಬಂದ್ಳು, ಕಷಾಯ ಕುಡಿಸಿದ್ಳು, ರಾತ್ರಿಯೆಲ್ಲ ಕೂತ್ರು. ತಾಯಿ ಉಳಿದ್ಳಂತೆ. ಹೊಟ್ಟೇಲಿದ್ದ ಕೂಸು ಉಳೀಲಿಲ್ಲವಂತೆ.

ಮೂರು ದಿನ ಆದ್ಮೇಲೆ ದೇವೀರಮ್ಮ ಕಣ್ಣು ಬಿಟ್ಟು ಸರಿಯಾಗಿ ನೋಡಿದ್ಳಂತೆ. ಹೊಂಬಾಳಮ್ಮ ಅವಳ ಬಾಯಿಗೆ ಗಂಜಿ ಹಾಕ್ತಾ, ಯಾಕೆ ಹೇಳಲಿಲ್ಲವೇ, ನನಗಾದ್ರೂ ಒಂದು ಮಾತು ಹೇಳ್ಬಾರದಾಗಿತ್ತಾ ಅಂತ ಅತ್ತಳಂತೆ. ದೇವೀರಮ್ಮ ಮೆಲ್ಲಗೆ, ಬಾಯಲ್ಲಿ ಹೇಳೋ ಹಾಗಿರಲಿಲ್ಲ ಅಕ್ಕ, ಮೂರು ಸಲ ಬಟ್ಟೆ ತಂದು ತೋರಿಸಿದ್ನಲ್ಲ ಅಂದ್ಳಂತೆ. ಹೊಂಬಾಳಮ್ಮನ ಕೈಲಿದ್ದ ಬಟ್ಟಲು ಹಾಗೇ ನಿಂತುಹೋಯ್ತಂತೆ. ಬಾಳೆಕರೆ ಕಣ್ಣಿಗೆ ಬಂತು, ಮೆತ್ತನೆ ಸೀರೆ ಕೈಗೆ ಬಂತು, ನಡುಗೋ ಕೈ ಈಗ ಕಾಣಿಸ್ತು. ಈಗ ಕಂಡು ಏನು ಮಾಡೋದು.

ಆಮೇಲೆ ಎಲ್ಲ ಒಳ್ಳೇದೇ ಆಯ್ತಂತೆ, ಹೆದರ್ಕೋಬೇಡ. ಗಂಡ ಬಂದ. ಹೊಳೆ ತುಂಬಿ ಆಚೆ ದಡದಲ್ಲಿ ಸಿಕ್ಕಿಹಾಕ್ಕೊಂಡಿದ್ದನಂತೆ, ಎತ್ತಿನ ಗೆಜ್ಜೆ ಸದ್ದು ಕೇಳಿ ಮಕ್ಕಳು ಬೀದಿಗೆ ಓಡಿದ್ವಂತೆ. ಗದ್ದೆ ಕುಯ್ಲಾಯ್ತು, ವಾಡೆ ತುಂಬ್ತು. ಅತ್ತೆ ತಾನೇ ಸೊಸೆ ಕೈಲಿ ಮತ್ತೆ ದೀಪ ಮುಟ್ಟಿಸಿ ಆ ಆಣೆ ಬಿಡಿಸಿದ್ಳಂತೆ. ಎರಡು ವರ್ಷಕ್ಕೆ ಇನ್ನೊಂದು ಹೆಣ್ಣು ಕೂಸೂ ಆಯ್ತು.

ಹೊಂಬಾಳಮ್ಮ ಮನೆಮನೆಗೆ ಹೋಗಿ ಹೇಳಿದ್ಳಂತೆ, ನೆನೆಸೋದು ಮನೇಲಿ ನೆನೆಸಿ, ಕಲೆ ತೆಗೆಯೋದು ಮನೇಲಿ ತೆಗೀರಿ, ಸೋಮವಾರ ಮಾತ್ರ ನಾಲ್ಕೇ ಬಟ್ಟೆ ಆದ್ರೂ ಜಾಲಾಡೋಕೆ ಹಳ್ಳಕ್ಕೆ ಬನ್ನಿ ಅಂತ. ಕೆಲವರು ಗೊಣಗಿದ್ರು, ಇದೇನೇ, ನೀನೇ ಬೇಡ ಅಂದೆ, ನೀನೇ ಬಾ ಅಂತೀಯ ಅಂತ. ಬೈಸ್ಕೊಂಡ್ಳು, ಕರೆಯೋದು ಬಿಡಲಿಲ್ಲ. ಹುಲ್ಲು ಕಿತ್ತು ಬಂಡೆ ಉಜ್ಜಿದ್ದೂ ಅವಳೇ. ಯಾರಾದ್ರೂ ಒಬ್ಬಳು ಬರಲಿಲ್ಲ ಅಂದ್ರೆ, ವಾಪಸ್ ಬರ್ತಾ ಎಲ್ಲರೂ ಅವಳ ಮನೆ ಮುಂದೇನೇ ಹಾದು, ಏನಾಯ್ತೇ ಅಂತ ಕೇಳ್ಕೊಂಡು ಬರೋರಂತೆ.

ದೇವೀರಮ್ಮನೂ ಬರೋಳು. ಕೋಪ ಇಲ್ಲ, ಮುನಿಸು ಇಲ್ಲ, ಮೊದಲಿನ ಹಾಗೇ ಅಕ್ಕ ಅಕ್ಕ ಅಂತಿದ್ಳು. ಹೊಂಬಾಳಮ್ಮನಿಗೆ ಅದೇ ತಡೆಯೋಕಾಗ್ತಿರಲಿಲ್ಲ. ಇಬ್ಬರಿಗೂ ತಲೆ ಬೆಳ್ಳಗಾದ ಕಾಲದಲ್ಲಿ ಒಂದು ದಿನ, ನನ್ನ ಒಂದೇ ಒಂದು ಸಲ ಬೈದುಬಿಡೆ ದೇವೀರಿ, ನಾನು ಸಾಯೋದ್ರೊಳಗೆ ಬೈದುಬಿಡು ಅಂತ ಕೇಳ್ಕೊಂಡ್ಳಂತೆ. ದೇವೀರಮ್ಮ ನೀರಲ್ಲಿ ಸೀರೆ ಜಾಲಾಡ್ತಾ, ಯಾಕೆ ಬೈಯಲಿ ಅಕ್ಕ, ನೀನು ಹೇಳಿಕೊಟ್ಟಿದ್ದು ಒಂದೂ ತಪ್ಪಿರಲಿಲ್ಲವಲ್ಲ ಅಂದ್ಳಂತೆ.

ಅಲ್ಲಿಗೆ ಅವರ ಕತೆ ಮುಗೀತು ಮಗಾ, ಅವರು ಸುಖವಾಗಿದ್ರು, ನಾವೂ ಸುಖವಾಗಿ ಮಲಗೋಣ. ಕಣ್ಣು ಮುಚ್ಚು.