ಪ್ಲಾಸ್ಟರಿನ ಕೂಸು ಮತ್ತು ಯತಿಗಳ ಮಡಿ

ಪೂಜ್ಯ ಶ್ರೀ ವಿಮಲಬೋಧ ಯತಿಗಳು ತಮ್ಮ ಕೊನೆಯ ವರ್ಷಗಳನ್ನು ಘಟಪ್ರಭೆಯ ದಂಡೆಯ ಹೊಸತೊರೆ ಎಂಬ ಸಣ್ಣ ಊರಿನಲ್ಲಿ ಕಳೆದರು. ಮಠವೆಂದು ಕರೆಯುವಂಥದ್ದೇನೂ ಅಲ್ಲಿರಲಿಲ್ಲ. ಹಳೆಯ ಧರ್ಮಶಾಲೆಯ ಹಿಂಬದಿಗೆ ತಗಡು ಹೊದಿಸಿದ ಎರಡು ಕೋಣೆಗಳು. ಒಂದರಲ್ಲಿ ದೇವರು, ಇನ್ನೊಂದರಲ್ಲಿ ಶ್ರೀಗಳು. ಮಲಗಲು ಚಾಪೆ, ಕುಡಿಯಲು ತಾಮ್ರದ ತಂಬಿಗೆ. ನಿಯಮದಲ್ಲಿ ಮಾತ್ರ ಅವರು ಬಲು ಕಟ್ಟುನಿಟ್ಟು. ಜ್ವರ ಬಂದಾಗಲೂ ಹೊಳೆಯ ಸ್ನಾನ ಬಿಟ್ಟವರಲ್ಲ. ಪೂಜೆಗೆ ಕುಳಿತರೆ ಅವರ ಮಡಿಯ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಅವರ ತೀರ್ಥದಿಂದ ಎಂತೆಂಥ ಬೇನೆಗಳು ವಾಸಿಯಾದುವೆಂದು ಭಕ್ತರು ಹೇಳಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಶ್ರೀಗಳು ಈ ವರ್ಷದ ಜೋಳದ ಬೆಳೆ ಹೇಗಿದೆ ಎಂದು ಕೇಳಿಬಿಡುತ್ತಿದ್ದರು.

ಗೋಕಾಕದ ಗೋದೂಬಾಯಿ ಅವರ ಹಳೆಯ ಶಿಷ್ಯೆ. ಗಂಡ ತೀರಿಕೊಂಡ ಮೇಲೆ ಮಡಿಯೇ ಅವರ ಬದುಕಾಗಿತ್ತು. ಒದ್ದೆ ಸೀರೆಯಲ್ಲಿ ಅಡುಗೆ, ಪೂಜೆ ಮುಗಿಯುವವರೆಗೆ ಮನೆಯವರೂ ಮುಟ್ಟುವಂತಿಲ್ಲ. ಅವರ ಮಗ ಗುರುರಾಜನಿಗೆ ಮದುವೆಯಾಗಿ ಬಹುಕಾಲದ ಮೇಲೆ ಹುಟ್ಟಿದ ಹೆಣ್ಣುಕೂಸು ಇಂದುಜಾ. ಅದಕ್ಕೆ ಎಣ್ಣೆ ಹಚ್ಚಿ ಎರೆಯುವ ಕೆಲಸ ಮಾತ್ರ ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಕೂಸು ತಪ್ಪುಹೆಜ್ಜೆ ಇಡುವ ಹೊತ್ತಿಗೆ, ಒಂದು ದಿನ ಕಾಲ ಮೇಲೆ ಬೋರಲು ಮಲಗಿಸಿ ಬೆನ್ನು ತಿಕ್ಕುತ್ತಿದ್ದಾಗ, ಗೋದೂಬಾಯಿಯ ಹೆಬ್ಬೆರಳು ಬೆನ್ನೆಲುಬಿನ ಗುಂಟ ನೇರ ಇಳಿಯದೆ ಪಕ್ಕಕ್ಕೆ ಸರಿಯಿತು. ಮತ್ತೊಮ್ಮೆ ತಿಕ್ಕಿ ನೋಡಿದರು. ಒಂದು ಕಡೆಯ ಪಕ್ಕೆಲುಬು ಉಬ್ಬಿತ್ತು. ಮನೆಯವರು "ಎಳೇ ಕೂಸು, ಬೆಳದಂಗ ಸರಿಹೋಗ್ತದ" ಅಂದರು. ಗೋದೂಬಾಯಿ ಕೇಳದೆ ಹಟ ಹಿಡಿದು ದವಾಖಾನೆಗೆ ಕಳಿಸಿದರು.

ಪಟ್ಟಣದ ಎಲುಬಿನ ವೈದ್ಯರು ಎಕ್ಸ್‌ರೇ ತೆಗೆಸಿ ವಿಷಯ ಬಿಡಿಸಿ ಹೇಳಿದರು. ಬೆನ್ನು ಡೊಂಕಾಗುತ್ತಿದೆ, ಹಾಗೇ ಬಿಟ್ಟರೆ ಎದೆಗೂಡು ಒತ್ತಿ ಮುಂದೆ ಉಸಿರಾಟಕ್ಕೇ ತೊಂದರೆ. ಈಗ ಕೂಸು ಬೇಗ ಬೆಳೆಯುವ ಕಾಲ. ಮೈಯನ್ನು ನೆಟ್ಟಗೆ ಹಿಡಿದಿಟ್ಟರೆ ಆ ಬೆಳವಣಿಗೆಯೇ ಎಲುಬನ್ನು ತಿದ್ದಬಹುದು. ಅದಕ್ಕೆ ಕಂಕುಳಿನಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಬೇಕು, ಕೆಲವು ತಿಂಗಳಿಗೊಮ್ಮೆ ಅರಿವಳಿಕೆ ಕೊಟ್ಟು ಬದಲಿಸಬೇಕು. ಎಷ್ಟು ಕಾಲ ಎಂದು ಈಗಲೇ ಹೇಳಲಾಗದು. ಅಲ್ಲಿಯವರೆಗೆ ಪ್ಲಾಸ್ಟರಿಗೆ ನೀರು ಸೋಕುವಂತಿಲ್ಲ.

ಕೂಸು ಮನೆಗೆ ಬಂದಾಗ ಗೋದೂಬಾಯಿ ಬಾಗಿಲಲ್ಲೇ ನಿಂತುಬಿಟ್ಟರು. ಹೂವಿನಂಥ ಮೈ ಬಿಳಿಯ ಡಬ್ಬಿಯೊಳಗೆ ಹೋಗಿತ್ತು. ಉಸಿರಿಗೆಂದು ಹೊಟ್ಟೆಯ ಮೇಲೊಂದು ಕಿಂಡಿ ಬಿಟ್ಟಿದ್ದರು. ಮೊದಲ ವಾರ ಅದು ಅತ್ತದ್ದೇ ಅತ್ತದ್ದು. ಬೇಸಿಗೆ ಬಂತು, ಬೆವರು, ಹಾಲಿನ ಕಮಟು, ಅಂಚಿನಲ್ಲಿ ಕೆಂಪು ಗಾಯ. ಸೊಸೆ ವೈಜಯಂತಿ ಒದ್ದೆ ಅರಿವೆಯಿಂದ ಕೈಕಾಲು ಒರೆಸುತ್ತಿದ್ದಳು. ಸ್ನಾನವಿಲ್ಲದ ಕೂಸು ಮೈಲಿಗೆಯೆಂದು ಗೋದೂಬಾಯಿ ಅದನ್ನು ಎತ್ತಿಕೊಳ್ಳಲಿಲ್ಲ. ಅದು ತೊಡರುತ್ತಾ ಬಂದು ದೇವರಮನೆಯ ಹೊಸ್ತಿಲಲ್ಲಿ ನಿಂತು ಕೈ ಚಾಚಿದಾಗ, "ವೈಜೂ, ಕೂಸನ್ನ ಒಯ್ಯವಾ" ಎಂದು ಕೂಗುತ್ತಿದ್ದರು. ಆಮೇಲೆ ಪೂಜೆಯಲ್ಲಿ ಅವರ ಮನಸ್ಸು ನಿಲ್ಲುತ್ತಿರಲಿಲ್ಲ.

ಕೊನೆಗೆ ಮಗನೊಡನೆ ಜಗಳಕ್ಕೆ ನಿಂತರು. "ಇದನ್ನ ಒಡಸಿ ತಗೀರಿ. ಸ್ವಾಮಿಗಳ ತೀರ್ಥ ತಂದು ನಾನೇ ತಿಕ್ಕತೀನಿ. ಅವರ ಪಾದದಾಗ ಏನು ಆಗೂದಿಲ್ಲ?"

ಗುರುರಾಜನಿಗೆ ಸಾಕಾಗಿತ್ತು. "ಆತು. ಸ್ವಾಮಿಗಳು ತಗಿ ಅಂದ್ರ ತಗಸ್ತೀನಿ. ಬ್ಯಾಡ ಅಂದ್ರ ನೀ ಮತ್ತ ಈ ಮಾತು ಎತ್ತಬಾರದು."

ಗೋದೂಬಾಯಿ ಒಪ್ಪಿದರು. ಶ್ರೀಗಳು ಏನು ಹೇಳುತ್ತಾರೆಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ವೈಜಯಂತಿ ದಾರಿಯುದ್ದಕ್ಕೂ ಸೆರಗಿನಿಂದ ಅದಕ್ಕೆ ಗಾಳಿ ಹಾಕುತ್ತಿದ್ದಳು.

ಇವರು ಹೋದಾಗ ಶ್ರೀಗಳು ಹೊಳೆಯಿಂದ ಬಂದು ನೈವೇದ್ಯದ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದರು. ಗೋದೂಬಾಯಿ ದೂರದಿಂದ ನಮಸ್ಕರಿಸಿ ಎಲ್ಲವನ್ನೂ ಹೇಳಿದರು. ಶ್ರೀಗಳು ಆರಿಸುವುದನ್ನು ನಿಲ್ಲಿಸದೆ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಹಾಕಿದರು: "ಡೊಂಕು ಮೊದಲು ಕಂಡದ್ದು ಯಾರಿಗೆ?"

"ನನಗ್ರೀ. ಎಣ್ಣಿ ಹಚ್ಚುವಾಗ ಕೈಗೆ ಹತ್ತಿತು."

"ನಿಮ್ಮ ಕೈಗೆ ತೋರಿಸಿಕೊಟ್ಟವನೇ ವೈದ್ಯರ ಕೈಗೂ ಒಪ್ಪಿಸ್ಯಾನ. ಪ್ಲಾಸ್ಟರ್ ಇರಲಿ."

ವೈಜಯಂತಿಯ ಕಣ್ಣು ತುಂಬಿತು. ಗೋದೂಬಾಯಿ, "ಹಂಗಾದ್ರ ಒಂಚೂರು ತೀರ್ಥಾನಾದ್ರೂ ಮೈಮ್ಯಾಲೆ ಹಾಕ್ರೀ" ಎಂದು ಅಂಗಲಾಚಿದರು.

"ಹಾಕಬಾರದು. ಪ್ಲಾಸ್ಟರ್ ತೊಯ್ತದ."

ಪೂಜೆಯ ಹೊತ್ತಾಗಿತ್ತು. ಶ್ರೀಗಳು ಎದ್ದು ದೇವರ ಕೋಣೆಯ ಕಡೆ ನಡೆದವರು ಬಾಗಿಲಲ್ಲಿ ತಿರುಗಿ, ವೈಜಯಂತಿಯ ಮುಂದೆ ಬಂದು ಎರಡೂ ಕೈ ಚಾಚಿದರು. ಕೂಸು ಹೊಸಬರಿಗೆ ಹೋಗುವಂಥದ್ದಲ್ಲ, ಆದರೂ ಹೋಯಿತು. ಶ್ರೀಗಳು ಅದನ್ನು ಒಳಗೆ ಕರೆದೊಯ್ದು ಮಣೆಯ ಮೇಲೆ ಕುಳಿತು ತಮ್ಮ ತೊಡೆಯ ಮೇಲೆ ಕೂರಿಸಿಕೊಂಡರು. ನೆರೆದಿದ್ದ ಭಕ್ತರು ಮುಖ ಮುಖ ನೋಡಿಕೊಂಡರು. ಪೂಜೆಗೆ ಅಣಿಮಾಡಿಕೊಡುತ್ತಿದ್ದ ವೃದ್ಧ ಶಾಮಾಚಾರ್ಯರು ತಡೆಯಲಾರದೆ, "ಸ್ವಾಮೀ, ಕೂಸಿಗೆ ಸ್ನಾನ ಆಗಿಲ್ಲ. ಮಡಿ..." ಎಂದರು.

"ಇವತ್ತು ನಮಗ ಇದೇ ಮಡಿ" ಎಂದರು ಶ್ರೀಗಳು. ಘಂಟೆ ಎತ್ತಿಕೊಂಡರು.

ಪೂಜೆ ಎಂದಿನಂತೆಯೇ ನಡೆಯಿತು, ಮಂತ್ರ ಒಂದೂ ಕಡಿಮೆಯಾಗಲಿಲ್ಲ. ನಡುವೆ ಕೂಸು ತುಳಸಿಗೆ ಕೈ ಹಾಕಿತು, ಅರ್ಧ ಬಾಯಿಗೂ ಹೋಯಿತು. ಶ್ರೀಗಳು ಬೆರಳು ಹಾಕಿ ತೆಗೆದು ಅರ್ಚನೆ ಮುಂದುವರಿಸಿದರು. ಘಂಟೆ ನಿಂತಾಗ ಅದು ತನ್ನ ಪ್ಲಾಸ್ಟರಿನ ಎದೆಯನ್ನು ಎರಡೂ ಕೈಯಿಂದ ಡಬಡಬ ಬಡಿದುಕೊಂಡು ನಕ್ಕಿತು. ನೋಡುತ್ತಿದ್ದ ಗೋದೂಬಾಯಿಗೆ ಆ ನಗು ಕೇಳಿ ಬಹಳ ದಿನವಾಗಿದೆ ಅನ್ನಿಸಿತು. ಮರುಕ್ಷಣವೇ, ಮನೆಯಲ್ಲಿ ಅದು ದಿನವೂ ನಗುತ್ತಿದ್ದಿರಬೇಕು, ನಾನು ದೂರವಿದ್ದೆ ಎಂಬುದು ಹೊಳೆಯಿತು.

ಆರತಿಯಾದ ಮೇಲೆ ಶ್ರೀಗಳು ಕೂಸನ್ನೆತ್ತಿ ಹೊರಬಂದರು. ಮತ್ತೆ ಹೊಳೆಗೆ ಹೋಗಲಿಲ್ಲ. ನೇರ ಗೋದೂಬಾಯಿಯ ಎದುರಿಗೆ ನಿಂತು, "ತಗೋರಿ" ಎಂದರು.

ಬಸ್ಸಿನಿಂದ ಇಳಿದೊಡನೆ ಹೊಳೆಯಲ್ಲಿ ಮುಳುಗಿ ಉಟ್ಟ ಮಡಿಸೀರೆ ಗೋದೂಬಾಯಿಯ ಮೈಮೇಲಿತ್ತು. ಅವರು ಕೈ ಚಾಚಿದರು. ಗಟ್ಟಿ ಪ್ಲಾಸ್ಟರು ಎದೆಗೆ ಒತ್ತಿತು, ಬೆವರಿದ ತಲೆ ಕೊರಳಿಗೆ ಬಂದು ಒರಗಿತು. ಅವರು ಅಲ್ಲಿಯೇ ಕಂಬಕ್ಕೆ ಆತು ಕುಳಿತು ಗಟ್ಟಿಯಾಗಿ ಅತ್ತರು. ಶ್ರೀಗಳು ಊಟಕ್ಕೆ ಎಲೆ ಹಾಕಲು ಹೇಳಿದರು.

ಮುಂದೆ ಪ್ಲಾಸ್ಟರ್ ಬದಲಿಸುವ ಪ್ರತಿಸಲವೂ ಗೋದೂಬಾಯಿ ಜೊತೆಗೆ ಹೋದರು. ಕಂಕುಳ ಅಂಚಿಗೆ ಮೆತ್ತನೆಯ ಅರಿವೆ ಸಿಗಿಸುವುದು, ಕಿಂಡಿಯೊಳಗೆ ಅನ್ನದ ಅಗುಳು ಬೀಳದಂತೆ ಉಣಿಸುವುದು ನರ್ಸಮ್ಮನವರಿಂದ ಕಲಿತರು. ಪೂಜೆಯ ಹೊತ್ತಿನಲ್ಲಿ ಕೂಸು ಪಕ್ಕದಲ್ಲೇ ಕುಳಿತಿರುತ್ತಿತ್ತು. ಒಂದೊಂದು ಎಕ್ಸ್‌ರೇಯಲ್ಲೂ ಡೊಂಕು ತುಸು ಇಳಿಯುತ್ತ ಬಂತು. ಒಮ್ಮೆ ಇಳಿಯದೆ ನಿಂತದ್ದೂ ಉಂಟು. ಆ ಸಲ ಧೈರ್ಯಗೆಟ್ಟ ಮಗನಿಗೆ ಸಮಾಧಾನ ಹೇಳಿದವರು ಗೋದೂಬಾಯಿಯೇ.

ಮರುವರ್ಷ ಶ್ರಾವಣದಲ್ಲಿ, ದವಾಖಾನೆಯಲ್ಲಿ ಕೂಸನ್ನು ಪ್ಲಾಸ್ಟರಿಗೆಂದು ಒಳಗೆ ಒಯ್ದಿದ್ದಾಗ, ಹೊಸತೊರೆಯಿಂದ ಫೋನ್ ಬಂತು. ಶ್ರೀಗಳು ಬೆಳಗಿನ ಜಪದಲ್ಲಿ ಕುಳಿತಂತೆಯೇ ದೇಹ ಬಿಟ್ಟಿದ್ದರು. ಸಂಜೆಯೊಳಗೆ ಸಮಾಧಿ. ವೈಜಯಂತಿ, "ಅತ್ತಿ, ನೀವು ಹೊರಡ್ರಿ. ಕೊನೀ ದರ್ಶನ ತಪ್ಪಬಾರದು. ಇಲ್ಲಿ ನಾ ಇದ್ದೀನಿ" ಎಂದಳು. ಗುರುರಾಜ ಬಾಡಿಗೆಯ ಜೀಪು ತರಲು ಓಡಿದ.

ಅಷ್ಟರಲ್ಲಿ ಬಾಗಿಲು ತೆರೆದು ಕೂಸನ್ನು ತಂದರು. ಅರಿವಳಿಕೆ ಇನ್ನೂ ಇಳಿದಿರಲಿಲ್ಲ, ಹೊಸ ಪ್ಲಾಸ್ಟರು ಹಸಿಯಾಗಿತ್ತು. ಎಚ್ಚರಾದೊಡನೆ ಅದು ಯಾರನ್ನು ಹುಡುಕುತ್ತದೆಂದು ಗೋದೂಬಾಯಿಗೆ ಗೊತ್ತಿತ್ತು. ಅವರು ಮಂಚದ ಬದಿಯ ಸ್ಟೂಲಿನ ಮೇಲೆ ಕುಳಿತರು. ಮಗ ಬಂದು ಕರೆದಾಗ, "ಜೀಪು ವಾಪಸ್ ಕಳಸಪ್ಪಾ" ಎಂದಷ್ಟೇ ಹೇಳಿದರು. ಸ್ನಾನ ಮಾಡಲಿಲ್ಲ, ಅಳಲಿಲ್ಲ. ಪ್ಲಾಸ್ಟರಿನ ಮೇಲೆ ಬೆರಳೊತ್ತು ಬೀಳದಂತೆ ಅಂಗೈ ಅಗಲಿಸಿ ಹಿಡಿದು, ಅದು ಆರುವವರೆಗೆ ಕುಳಿತಿದ್ದರು.

ಇಂದುಜಾ ಶಾಲೆಗೆ ಸೇರುವ ಮೊದಲೇ ಪ್ಲಾಸ್ಟರು ಹೋಗಿ ಬೇಕಾದಾಗ ಬಿಚ್ಚಿ ಕಟ್ಟಬಹುದಾದ ಬೆನ್ನುಪಟ್ಟಿ ಬಂತು, ಕ್ರಮೇಣ ಅದೂ ಹೋಯಿತು. ಬೆನ್ನಿನಲ್ಲಿ ಅಲ್ಪ ಓರೆ ಉಳಿದಿದೆ, ಉಸಿರಿಗೆ ತೊಂದರೆಯಿಲ್ಲವೆಂದರು ವೈದ್ಯರು.

ಶ್ರೀಗಳು ಹೋದ ಮರುವರ್ಷ, ಮೊದಲ ಆರಾಧನೆಗೆ ಗೋದೂಬಾಯಿ ಹೊಸತೊರೆಗೆ ಹೋದಾಗ, ಹಳೆಯ ಭಕ್ತೆಯೊಬ್ಬರು ಪಕ್ಕದಲ್ಲಿ ಕುಳಿತು, "ಇಷ್ಟು ವರ್ಷ ಸೇವಾ ಮಾಡಿದಿರಿ, ಕಡೀ ದರ್ಶನ ಮಾತ್ರ ನಿಮಗ ಆಗಲಿಲ್ಲ ನೋಡ್ರಿ" ಎಂದು ಮರುಗಿದರು.

ಗೋದೂಬಾಯಿ ಸಮಾಧಿಯ ಕಡೆ ನೋಡುತ್ತಾ, "ಆತಲ್ಲವಾ, ದವಾಖಾನ್ಯಾಗ" ಎಂದರು.