ಸರಿಹೋಯಿತು, ಧನ್ಯವಾದ

ಹೊಳೆದಂಡೆಯ ಆಶ್ರಮದಲ್ಲಿ ಒಬ್ಬ ಅಜ್ಜಾರು, ಅವರಿಗೊಬ್ಬ ಶಿಷ್ಯ. ಶಿಷ್ಯನ ಹೆಸರು ನಿಜಗುಣ. ಧ್ಯಾನಕ್ಕೆ ಕೂತರೆ ತೂಕಡಿಸುವ ಈ ಮಹರಾಯ, ಭಕ್ತರೊಬ್ಬರು ಕೊಟ್ಟುಹೋದ ಹಳೇ ಕಂಪ್ಯೂಟರಿನ ಮುಂದೆ ಕೂತರೆ ಊಟ ಮರೆಯುತ್ತಿದ್ದ.

ಅದಕ್ಕೆ ಲಿನಕ್ಸ್ ಹಾಕಿದವನು ಅವನೇ. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ ತಂತ್ರಾಂಶ. ಕೆಟ್ಟರೆ ಮಾತ್ರ ಪೇಟೆಯ ಅಂಗಡಿಯವರು ಕೈ ಹಚ್ಚುವುದಿಲ್ಲ. ಬಳಸುವವರೇ ಒಂದು ಜಾಲತಾಣದಲ್ಲಿ ಕೇಳುತ್ತಾರೆ, ಬಲ್ಲವರು ಹೇಳುತ್ತಾರೆ. ನಿಜಗುಣ ಕಲಿತದ್ದೆಲ್ಲ ಹಾಗೆ, ಮುಖ ಕಾಣದವರಿಂದ.

ಒಂದು ದಿನ ಹೊಸ ಆವೃತ್ತಿ ಹಾಕಿದ. ಪರದೆ ಕಪ್ಪಾಯಿತು, ಮತ್ತೆ ಬೆಳಗಲೇ ಇಲ್ಲ. ಮೊಬೈಲಿನಿಂದ ಜಾಲತಾಣದಲ್ಲಿ ಕೇಳಿದ, ಯಾರಿಗೂ ಗೊತ್ತಿರಲಿಲ್ಲ. ಮೂರು ದಿನ ಒದ್ದಾಡಿದ ಮೇಲೆ ಅವನಿಗೇ ಹೊಳೆಯಿತು. ತನ್ನ ಪ್ರಶ್ನೆಯ ಕೆಳಗೆ "ಸರಿಹೋಯಿತು, ಧನ್ಯವಾದ" ಎಂದು ಬರೆದು ಎದ್ದ.

"ಹೆಂಗ ಸರಿ ಆತೋ?" ಎಂದರು ಅಜ್ಜಾರು.

"ಚಾಲೂ ಮಾಡೂಮುಂದ ಒಂದ ಸಾಲ್ ಟೈಪ್ ಮಾಡೂದಿತ್ರೀ, ಅಜ್ಜಾರ."

"ಬರದಿಟ್ಟಿ?"

"ಒಂದ ಸಾಲ್ ಮರೀತೈತೇನ್ರಿ?"

ಅಜ್ಜಾರು ಹೊಳೆಯತ್ತ ನಡೆದರು.

ನಾಲ್ಕು ಮಳೆಗಾಲ ಕಳೆದವು. ಪರದೆ ಮತ್ತೆ ಕಪ್ಪಾಯಿತು. ತಲೆಕೆಳಗಾಗಿ ನಿಂತರೂ ಆ ಸಾಲು ನೆನಪಾಗಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಒಂದು ಪುಟ ಸಿಕ್ಕಿತು. ಅದೇ ಯಂತ್ರ, ಅದೇ ತೊಂದರೆ. ಯಾರೋ ಪುಣ್ಯಾತ್ಮ ಎಂದುಕೊಂಡು ಓದಿದ.

ಕೇಳಿದವನ ಹೆಸರು ನಿಜಗುಣ. ಕೆಳಗೆ, "ಸರಿಹೋಯಿತು, ಧನ್ಯವಾದ."

ತನ್ನ ಪೆದ್ದತನಕ್ಕೆ ತಾನೇ ನಕ್ಕ. ಆಮೇಲೆ ಇನ್ನೂ ಕೆಳಗೆ ನೋಡಿದ. ಕಸ್ತೂರಿ ಎಂಬಾಕೆ ಮೂರು ಸಲ ಬರೆದಿದ್ದಳು.

"ಅಣ್ಣಾ, ನನ್ನದೂ ಹೀಗೇ ಆಗಿದೆ. ಹೇಗೆ ಸರಿ ಮಾಡಿದಿರಿ?"

ತಿಂಗಳ ನಂತರ: "ಅಣ್ಣಾ, ನಮ್ಮವ್ವ ಹಾಡಿದ ಬೀಸುವ ಪದಗಳು ಇದರಲ್ಲೇ ಇವೆ. ಅವ್ವ ಈಗಿಲ್ಲ. ದಯವಿಟ್ಟು ಹೇಳಿ."

ಮತ್ತೆ ಆರು ತಿಂಗಳಿಗೆ: "ರಿಪೇರಿ ಆಗದೆಂದು ಅಂಗಡಿಯವರು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟರು. ಹಾಡು ಹೋದವು. ಇರಲಿ ಅಣ್ಣಾ, ನೀವು ಚೆನ್ನಾಗಿರಿ."

ನಾಲ್ಕು ವರ್ಷದಲ್ಲಿ ನಿಜಗುಣ ಒಂದು ಸಲವೂ ಆ ಪುಟ ತೆರೆದಿರಲಿಲ್ಲ. ಅವಳ ಹೆಸರಿನ ಜೊತೆಗಿದ್ದ ಇ-ಮೇಲ್ ವಿಳಾಸಕ್ಕೆ ಪತ್ರ ಬರೆದ. ಅಂಥ ವಿಳಾಸ ಈಗ ಇಲ್ಲವೆಂದು ವಾಪಸು ಬಂತು.

ಐದು ದಿನ ಬಿಟ್ಟೂಬಿಡದೆ ಕೂತು ಆ ಸಾಲನ್ನು ಮತ್ತೆ ಹುಡುಕಿದ. ಪರದೆ ಬೆಳಗಿತು. ಅವನಿಗೆ ಅಳು ಬಂತು.

ಎದ್ದು ಹೊಳೆಗೆ ಹೋದ. ನೆರೆ ಇಳಿದಿತ್ತು. ಅಜ್ಜಾರು ಮೊಣಕಾಲುದ್ದ ನೀರಿನಲ್ಲಿ ನಿಂತು, ಜನ ದಾಟುವ ಕಡೆ ಸಾಲಾಗಿ ಬಿದಿರಿನ ಗಳ ಹುಗಿಯುತ್ತಿದ್ದರು. ನೆರೆ ಬಂದುಹೋದಾಗಲೆಲ್ಲ ಆಳದ ಮಡು ಜಾಗ ಬದಲಿಸುತ್ತದೆ. ಪ್ರತಿ ವರ್ಷ ಅಜ್ಜಾರೇ ಮೊದಲು ಇಳಿದು ಗುರುತು ಮಾಡುತ್ತಿದ್ದರು. ಶಿಷ್ಯ ಮಾಡುತ್ತೇನೆಂದರೆ ಬಿಡುತ್ತಿರಲಿಲ್ಲ.

ನಿಜಗುಣ ದಂಡೆಯ ಮೇಲೆ ನಿಂತು ಎಲ್ಲ ಹೇಳಿದ.

"ಆ ಸಾಲ್ ಸಿಕ್ತ್ರೀ ಅಜ್ಜಾರ. ಆದ್ರ ಈಗ ಬರದ್ರ ಏನ್ ಬಂತು? ಆಕಿ ಅವ್ವನ ಹಾಡು ಹೋದೂವು. ಆಕೀನೂ ಹೋದ್ಲು. ಯಾರಿಗಂತ ಬರೀಲಿ?"

ಅಜ್ಜಾರು ಒಂದು ಗಳ ಅವನತ್ತ ಚಾಚಿದರು. ಅವನು ನೀರಿಗಿಳಿದು ಹಿಡಿದುಕೊಂಡ.

"ಸಣ್ಣಾಂವ ಇದ್ದಾಗ ಇದ ಹೊಳಿ ನಾ ಮೊದಲ ದಾಟಿದೆ," ಎಂದರು ಅಜ್ಜಾರು. "ಆ ದಂಡಿ ಮ್ಯಾಲೆ ನಿಂತು 'ದಾಟಿದ್ನೋ' ಅಂತ ಒದರಿದೆ. ಎಲ್ಲಿ ಕಾಲಿಡಬೇಕಂತ ಹೇಳಲಿಲ್ಲ. ಹಿಂದ ನನ್ನ ತಮ್ಮ ಇಳದಿದ್ದ. ಮ್ಯಾಲೆ ಏಳಲಿಲ್ಲ."

ಅವರಿಗೊಬ್ಬ ತಮ್ಮನಿದ್ದನೆಂದು ನಿಜಗುಣ ಕೇಳಿದ್ದು ಅದೇ ಮೊದಲು. ಸಾಲಾಗಿ ನಿಂತ ಗಳಗಳನ್ನು ನೋಡಿದ.

"ಈ ಗಳ ಅಂವಗ ಕಾಣತಾವೇನ್ರಿ, ಅಜ್ಜಾರ?"

"ಇಲ್ಲ."

"ಮತ್ತ ಯಾಕ್ರೀ, ವರ್ಷಾ ವರ್ಷಾ?"

ಅಜ್ಜಾರು ಮುಂದಿನ ಗಳವನ್ನು ಉಸುಕಿಗೆ ಒತ್ತಿದರು.

"ಅಂವ ಇನ್ನೂ ಕೇಳಾಕ ಹತ್ಯಾನಲ್ಲೋ. ಎಲ್ಲಿ ಕಾಲಿಡ್ಲಿ ಅಣ್ಣಾ, ಅಂತ."